ಒಡಕು ದನಿಯ ಚರ್ಚ್ ಗಂಟೆ: ಗುಜರಿಗೆ ಹಾಕುವ ಮೊದಲು ಆಯಸ್ಕಾಂತ ಹಿಡಿದು ನೋಡಿ

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಊರು. ಚರ್ಚಿನ ಗಂಟೆ ಮುತ್ತಜ್ಜನ ಕಾಲದ್ದು, ಜರ್ಮನ್ ಪಾದ್ರಿಗಳು ತಂದದ್ದು ಅಂತ ಹಿರಿಯರು ಹೇಳುತ್ತಾರೆ. ಬಾಯಿ ಎರಡು ಅಡಿ ಅಗಲ ಇದೆ. ಮೇಲೆ ಏನೋ ಅಕ್ಷರಗಳಿವೆ. ಇಸವಿಯಲ್ಲಿ 18 ಅನ್ನುವುದು ಮಾತ್ರ ಕಾಣುತ್ತದೆ, ಉಳಿದದ್ದು ಬೆಳ್ಳಿ ಬಣ್ಣದ ಕೆಳಗೆ ಹೋಗಿದೆ. ಮೊದಲು ದೂರದ ಹೊಲದಲ್ಲಿದ್ದವರಿಗೂ ಕೇಳುತ್ತಿತ್ತು. ಎರಡು ವರ್ಷದಿಂದ ಡಬ್ಬಿ ಬಡಿದ ಹಾಗೆ ಸದ್ದು. ಗುಜರಿಯವನೊಬ್ಬ ಬಂದು, 'ಇದರಲ್ಲಿ ಬಂಗಾರ ಬೆರೆಸಿರ್ತಾರೆ, ಎಂಬತ್ತು ಕೆಜಿ ಆಗಬಹುದು, ಒಳ್ಳೆ ರೇಟ್ ಕೊಡ್ತೀನಿ' ಅಂದ. ಕಮಿಟಿಯಲ್ಲಿ ಅರ್ಧ ಜನ ಮಾರಿ ಸ್ಪೀಕರ್ ಹಾಕೋಣ ಅನ್ನುತ್ತಿದ್ದಾರೆ. ಗಂಟೆ ನಿಜಕ್ಕೂ ಒಡೆದಿದೆಯಾ? ರಿಪೇರಿ ಆಗುತ್ತಾ? ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಮಾರಬೇಡಿ. ಪೂರ್ತಿ ನೋಡುವವರೆಗೆ ಬಾರಿಸಲೂ ಬೇಡಿ. ನಾನು ಬೆಳಗಾವಿ ಉದ್ಯಮಬಾಗದಲ್ಲಿ ಮೂವತ್ತು ವರ್ಷ ಎರಕದ ಕೆಲಸ ಮಾಡಿದವನು. ಗುಡಿ ಗಂಟೆ, ಚರ್ಚ್ ಗಂಟೆ ಹುಡುಕಿಕೊಂಡು ಗೋಪುರ ಹತ್ತುವ ಹುಚ್ಚು ಆಮೇಲೆ ಹತ್ತಿದ್ದು. ಇಷ್ಟು ದಿನದಲ್ಲಿ 'ಒಡೆದಿದೆ' ಅಂತ ಕರೆದು ತೋರಿಸಿದ ಗಂಟೆಗಳಲ್ಲಿ ನಿಜವಾಗಿ ಒಡೆದಿದ್ದವು ಕಡಿಮೆ. ಜಾಸ್ತಿ ಗಂಟೆಗಳಿಗೆ ಆಗಿದ್ದು ನಾಲಿಗೆಯ, ಅಂದರೆ ಒಳಗೆ ತೂಗಾಡಿ ಬಡಿಯುವ ದಂಡದ, ರೋಗ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೆಳ್ಳಿ ಬಣ್ಣ. ಹಬ್ಬಕ್ಕೆ, ಶತಮಾನೋತ್ಸವಕ್ಕೆ ಅಂತ ಕಂಚಿನ ಗಂಟೆಗೂ ಪೇಂಟ್ ಬಳಿದದ್ದನ್ನು ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಗಂಟೆಗೆ ಬಣ್ಣ ಬಳಿಯುವ ಯೋಚನೆ ಸಾಮಾನ್ಯವಾಗಿ ಬರುವುದು ಅದು ಕೆಂಪಗೆ ತುಕ್ಕು ಬಿಟ್ಟಾಗ. ಕಂಚು ಹಾಗೆ ತುಕ್ಕು ಹಿಡಿಯುವುದಿಲ್ಲ. ಅದು ಕಂದಾಗುತ್ತದೆ, ಕಪ್ಪಾಗುತ್ತದೆ, ಹಸಿರಾಗುತ್ತದೆ. ಹಾಗಾಗಿ ನಿಮ್ಮ ಗಂಟೆ ಕಂಚಿನದ್ದಲ್ಲದೆ ಉಕ್ಕಿನದ್ದಿರಬಹುದಾ ಅಂತ ನನಗೆ ಅನುಮಾನ. ಇದನ್ನು ಬಗೆಹರಿಸಲು ಎಂಜಿನಿಯರ್ ಬೇಕಿಲ್ಲ. ಹಳೆಯ ಸ್ಪೀಕರ್ ಒಡೆದು ಅದರ ಆಯಸ್ಕಾಂತ ತೆಗೆದುಕೊಂಡು ಹೋಗಿ. ಗಂಟೆಯ ಮೈಗೆ ಹಿಡಿಯಿರಿ. ಬಣ್ಣದ ತೆಳು ಪದರ ಅದಕ್ಕೆ ಅಡ್ಡ ಬರುವುದಿಲ್ಲ. ಕಚ್ಚಿದರೆ ಉಕ್ಕು, ಇಲ್ಲವೇ ಬೀಡು ಕಬ್ಬಿಣ. ಜಾರಿದರೆ ಕಂಚು. ಆದರೆ ನಾಲಿಗೆಗೆ ಹಿಡಿದು ತೀರ್ಮಾನ ಮಾಡಬೇಡಿ. ಕಂಚಿನ ಗಂಟೆಗೂ ನಾಲಿಗೆ ಕಬ್ಬಿಣದ್ದೇ ಇರುತ್ತದೆ.

ಉಕ್ಕಿನ ಗಂಟೆ ಅಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಅದರದ್ದೂ ಒಂದು ಕಥೆ ಇದೆ. ಹತ್ತೊಂಬತ್ತನೇ ಶತಮಾನದ ನಡುವೆ ಜರ್ಮನಿಯ ಬೋಖುಮ್ ಊರಿನಲ್ಲಿ ಯಾಕೋಬ್ ಮಾಯರ್ ಅನ್ನುವವನು ಉಕ್ಕನ್ನೇ ಕರಗಿಸಿ ಅಚ್ಚಿಗೆ ಹೊಯ್ಯುವ ವಿದ್ಯೆ ಕಂಡುಕೊಂಡ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಕಾರ್ಖಾನೆ ಉಕ್ಕಿನ ಗಂಟೆಗಳನ್ನು ಇಟ್ಟಿತು. ಇನ್ನೊಬ್ಬ ಉಕ್ಕಿನ ದೊರೆ ಕ್ರುಪ್, 'ಇದು ಉಕ್ಕಲ್ಲ, ಬೀಡು' ಅಂತ ತಕರಾರು ತೆಗೆದ. ಮಾಯರ್ ವಾದ ಮಾಡುತ್ತ ಕೂರಲಿಲ್ಲ. ಒಂದು ಗಂಟೆಯನ್ನೇ ಒಡೆಸಿ, ಆ ಚೂರುಗಳನ್ನು ಕುಲುಮೆಗೆ ಹಾಕಿ ಬಡಿಸಿ ತೋರಿಸಿದ. ಬೀಡಾಗಿದ್ದರೆ ಸುತ್ತಿಗೆಯ ಏಟಿಗೆ ಪುಡಿಯಾಗುತ್ತಿತ್ತು, ಉಕ್ಕು ಬಗ್ಗಿತು. ನಮ್ಮ ಯಾವ ಕಂಬಾರನನ್ನು ಕೇಳಿದರೂ ಇದೇ ಪರೀಕ್ಷೆ ಹೇಳುತ್ತಿದ್ದ, ಅಲ್ವಾ? ಕಂಚಿಗಿಂತ ಅಗ್ಗ ಅಂತ ಈ ಗಂಟೆಗಳು ದೇಶ ದೇಶಕ್ಕೆ ಹೋದವು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನೇಲರ್ ವಿಕರ್ಸ್ ಕಂಪನಿಯೂ ಮಾಡುತ್ತಿತ್ತು. ಅವರ ಗಂಟೆಯ ಮೇಲೆ ಕಂಪನಿ ಹೆಸರು, ಇಸವಿ, 'ಕಾಸ್ಟ್ ಸ್ಟೀಲ್' ಅನ್ನುವ ಮಾತು ಉಬ್ಬಿದ ಅಕ್ಷರದಲ್ಲಿರುತ್ತವೆ. ಬೋಖುಮ್ ಗಂಟೆಯಾದರೆ 'ಗುಸ್‌ಷ್ಟಾಲ್' ಅಂತ ಹುಡುಕಿ, ಜರ್ಮನ್‌ನಲ್ಲಿ ಎರಕದ ಉಕ್ಕು ಅಂತ ಅರ್ಥ.

ಇನ್ನು ಆಯಸ್ಕಾಂತ ಜಾರಿತು ಅನ್ನಿ. ಆಗ ನಿಮ್ಮದು ಗಂಟೆ ಕಂಚು. ನೂರರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಪಾತ್ರೆ ಪಗಡೆಯ ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು ಇರುತ್ತದೆ, ಅದು ಬೇರೆ. ತವರ ಜಾಸ್ತಿ ಹಾಕಿದಷ್ಟೂ ದನಿ ಗಟ್ಟಿಯಾಗುತ್ತದೆ. ಜೊತೆಗೆ ಲೋಹ ಗಾಜಿನಂತೆ ಪೆಡಸಾಗುತ್ತದೆ. ಈ ಕಂಚನ್ನು ಕೈಯಲ್ಲಿ ಮುಟ್ಟಿ ನೋಡಬೇಕು ಅಂದರೆ ದೂರ ಹೋಗಬೇಕಿಲ್ಲ, ವಿಜಯಪುರದ ಶೆರ್ಜಾ ಬುರುಜು ಹತ್ತಿದರೆ ಸಾಕು. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅದರ ಲೋಹವನ್ನು ಪರೀಕ್ಷೆ ಮಾಡಿದಾಗ ಬಂದದ್ದು ಸುಮಾರು 80 ಪಾಲು ತಾಮ್ರ, 20 ಪಾಲು ತವರ. ಹೆಚ್ಚು ಕಡಿಮೆ ಗಂಟೆಯ ಲೋಹವೇ. ಆ ತೋಪನ್ನು ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ಗುಂಯ್ ಅನ್ನುತ್ತದೆ ಅಂತ ಹಳಬರು ಹೇಳುವುದು ಸುಳ್ಳಲ್ಲ. ಯುರೋಪಿನಲ್ಲಿ ಯುದ್ಧ ಬಂದಾಗಲೆಲ್ಲ ಗಂಟೆಗಳನ್ನು ಇಳಿಸಿ ಕರಗಿಸುತ್ತಿದ್ದದ್ದು ಈ ನಂಟಿನಿಂದಲೇ. ಗಂಟೆಗೂ ತೋಪಿಗೂ ಒಂದೇ ಮೂಸೆ.

ಆ ತೋಪಿನದ್ದೇ ಇನ್ನೊಂದು ಸಂಗತಿ ನಿಮ್ಮ ಕಮಿಟಿಗೆ ಓದಿ ಹೇಳಿ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಕೋಟೆಯಲ್ಲಿ ಬಿದ್ದಿದ್ದ ಹಳೆಯ ಸಾಮಾನಿನ ಜೊತೆ ಮಲಿಕ್-ಎ-ಮೈದಾನನ್ನೂ ಹರಾಜಿಗಿಟ್ಟಿದ್ದರು. ಬಂದ ಮೇಲ್ಬಿಡ್ 150 ರೂಪಾಯಿ! ಊರಿನಲ್ಲಿದ್ದ ಅಧಿಕಾರಿಗೆ ಇದು ಸರಿ ಕಾಣಲಿಲ್ಲ, ಜನರಿಗೆ ಈ ತೋಪಿನ ಮೇಲೆ ಪ್ರೀತಿ ಇದೆ ಅಂತ ಮೇಲಿನವರಿಗೆ ಬರೆದ. ಹರಾಜು ರದ್ದಾಯಿತು. ಗುಜರಿಯವರ ಲೆಕ್ಕ ಅಂದೂ ಹಾಗೇ ಇತ್ತು.

ಬಂಗಾರದ ಮಾತು ಬಿಟ್ಟುಬಿಡಿ. ಎರಕ ಹೊಯ್ಯುವಾಗ ಊರಿನ ಹೆಂಗಸರು ಬಳೆ, ಮೂಗುತಿ ಮೂಸೆಗೆ ಹಾಕಿದರು ಅನ್ನುವ ಕಥೆ ಇಲ್ಲದ ಗಂಟೆಯೇ ಇಲ್ಲ. ಗುಡಿ ಗಂಟೆಗೂ ಇದೆ, ಚರ್ಚ್ ಗಂಟೆಗೂ ಇದೆ. ಬೆಳ್ಳಿ ಬಂಗಾರ ಮೆತ್ತನೆಯ ಲೋಹಗಳು. ಬೆರೆಸಿದರೆ ದನಿ ಇಂಪಾಗುವುದಿಲ್ಲ, ಮಂಕಾಗುತ್ತದೆ. ಎರಕ ಹೊಯ್ಯುವವನಿಗೆ ಅದು ಗೊತ್ತಿರುತ್ತದೆ.

ತೂಕದ ಮಾತು ಮಾತ್ರ ಬಿಡಬೇಡಿ. ಚರ್ಚ್ ಗಂಟೆಗಳ ಆಕಾರ ಹೆಚ್ಚು ಕಡಿಮೆ ಒಂದೇ ಥರ. ಹಾಗಾಗಿ ಬಾಯಿಯ ಅಗಲ ಗೊತ್ತಾದರೆ ತೂಕ ಅಂದಾಜು ಸಿಗುತ್ತದೆ. ಒಂದು ಮೀಟರ್ ಬಾಯಿಯ ಕಂಚಿನ ಗಂಟೆ ಸುಮಾರು 600 ಕೆಜಿ ತೂಗುತ್ತದೆ. ಅಗಲ ಅರ್ಧವಾದರೆ ತೂಕ ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 75 ಕೆಜಿ. ಎರಡು ಅಡಿ ಅಂದರೆ 61 ಸೆಂಟಿಮೀಟರ್. ಲೆಕ್ಕ ಹಾಕಿದರೆ ನಿಮ್ಮ ಗಂಟೆ ಕಂಚಿನದ್ದಾದರೆ 130ರಿಂದ 150 ಕೆಜಿಗೆ ಬರುತ್ತದೆ. ಎಂಬತ್ತು ಅಂದವನು ಕಣ್ಣಳತೆ ತಪ್ಪಿ ಅಂದನೋ, ಬೇಕಂತಲೇ ಅಂದನೋ, ನೀವೇ ಊಹಿಸಿ.

ಈಗ ದನಿಗೆ ಬರೋಣ. ಒಳ್ಳೆಯ ಗಂಟೆಯಲ್ಲಿ ಒಂದೇ ಸ್ವರ ಇರುವುದಿಲ್ಲ. ಏಟು ಬಿದ್ದ ಕೂಡಲೇ ಎದ್ದು ಕೇಳುವ ಸ್ವರ ಒಂದು. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಕೊನೆಯವರೆಗೆ ಉಳಿಯುವ ಗುಂಯ್ ಅನ್ನುವ ನಾದ ಇನ್ನೊಂದು. ಏಟಿನ ಸ್ವರಕ್ಕೆ ಸ್ವಲ್ಪ ಮೇಲೆ ಕೋಮಲ ಗಾಂಧಾರದ ಹಾಗಿನ ಸ್ವರ. ಚರ್ಚ್ ಗಂಟೆ ಕೇಳಿದಾಗ ಮನಸ್ಸು ಸ್ವಲ್ಪ ಭಾರವಾಗುವುದು ಆ ಗಾಂಧಾರದಿಂದಲೇ ಅಂತ ನನ್ನ ಲೆಕ್ಕ. ಇವೆಲ್ಲ ಏಳಬೇಕಾದರೆ ಗಂಟೆ ತಲೆಯ ಹತ್ತಿರ ಮಾತ್ರ ಗಟ್ಟಿಯಾಗಿ ಕಟ್ಟಿರಬೇಕು, ಉಳಿದ ಮೈಗೆ ಯಾವುದೂ ತಾಗಬಾರದು. ನಾಲಿಗೆ ಹೋಗಿ ಹೊಡೆಯಬೇಕಾದ್ದು ಅಂಚಿಗೆ ಸ್ವಲ್ಪ ಮೇಲೆ, ಮೈ ಎಲ್ಲಕ್ಕಿಂತ ದಪ್ಪ ಇರುವ ಕಡೆ. ಆ ದಪ್ಪ ಬಾಯಿಯ ಅಗಲದ ಹದಿಮೂರನೇ ಒಂದು ಪಾಲಿನಷ್ಟಿರುತ್ತದೆ, ನಿಮ್ಮದಕ್ಕೆ ಎರಡು ಇಂಚಿಗೆ ಸ್ವಲ್ಪ ಕಡಿಮೆ. ಹೊಡೆದು ತಕ್ಷಣ ಹಿಂದೆ ಬರಬೇಕು. ಕೆಳಗೆ ತುಟಿಗೆ ಹೊಡೆದರೆ ಕಟಕಟ ಅನ್ನುತ್ತದೆ. ಹೊಡೆದು ಅಲ್ಲೇ ಒತ್ತಿಕೊಂಡು ನಿಂತರೆ ದನಿ ಸತ್ತುಹೋಗುತ್ತದೆ. ಊಟದ ತಟ್ಟೆಗೆ ಚಮಚ ಬಡಿದು, ಚಮಚ ತೆಗೆಯದೆ ಹಾಗೇ ಒತ್ತಿ ಹಿಡಿದು ನೋಡಿ, ನಿಮಗೇ ಗೊತ್ತಾಗುತ್ತದೆ.

ಖಾನಾಪುರ ತಾಲ್ಲೂಕಿನ ಒಂದು ಊರಿಗೆ ಹೀಗೇ ಕರೆದಿದ್ದರು. ಮೂರು ವರ್ಷದಿಂದ ಗಂಟೆ ಒಡೆದಿದೆ, ಹೊಸದಕ್ಕೆ ಚಂದಾ ಎತ್ತುತ್ತಿದ್ದೇವೆ ಅಂದರು. ಜೂನ್ ಕೊನೆ, ಅಲ್ಲಿಯ ಮಳೆ ಗೊತ್ತಲ್ಲ, ಗೋಪುರದ ಏಣಿ ಪಾಚಿ ಕಟ್ಟಿತ್ತು. ಮೇಲೆ ಹೋಗಿ ಬ್ಯಾಟರಿ ಬಿಟ್ಟು ಒಳಗೆ ನೋಡಿದೆ. ನಾಲಿಗೆ ತೂಗುಹಾಕಿದ ಕೊಂಡಿಯಲ್ಲಿ ಒಂದು ಚರ್ಮದ ಪಟ್ಟಿ ಇರಬೇಕಾಗಿತ್ತು. ಅದು ಕೊಳೆತು ಹೋಗಿ ಎಷ್ಟು ವರ್ಷವಾಗಿತ್ತೋ. ಅದರ ಜಾಗದಲ್ಲಿ ಯಾರೋ ಪುಣ್ಯಾತ್ಮರು ಸೈಕಲ್ ಚೈನ್ ತುಂಡು ಹಾಕಿದ್ದರು. ನಾಲಿಗೆ ಒಂದೂವರೆ ಇಂಚು ಕೆಳಗೆ ಇಳಿದಿತ್ತು. ಗುಂಡು ಸರಿಯಾಗಿ ತುಟಿಗೆ ಬಡಿಯುತ್ತಿತ್ತು, ಅಲ್ಲಿ ಕಂಚು ಹೊಳೆಯುತ್ತ ಸಣ್ಣಗೆ ಚಕ್ಕೆ ಎದ್ದಿತ್ತು. ಮೇಲಿನ ದಪ್ಪ ಜಾಗದಲ್ಲಿ ನೂರು ವರ್ಷದ ಹಳೆಯ ಏಟಿನ ಗುರುತು ಬಟ್ಟಲಿನ ಹಾಗೆ ತಗ್ಗಾಗಿ, ಧೂಳು ಕುಳಿತು, ಸುಮ್ಮನೆ ಇತ್ತು. ಊರ ಕಂಬಾರನಿಂದ ಹೊಸ ಕೊಂಡಿ ಮಾಡಿಸಿ, ಎತ್ತಿನ ಮಿಣಿಗೆ ಬಳಸುವ ಗಟ್ಟಿ ತೊಗಲಿನ ಪಟ್ಟಿ ಹಾಕಿ, ನಾಲಿಗೆಯನ್ನು ಹಳೆಯ ಗುರುತಿಗೆ ಸರಿಯಾಗಿ ಏರಿಸಿದೆವು. ಅರ್ಧ ದಿನದ ಕೆಲಸ. ಮೊದಲ ಏಟು ಬಿದ್ದಾಗ ಕೆಳಗೆ ಚಂದಾ ಪುಸ್ತಕ ಹಿಡಿದು ನಿಂತಿದ್ದವರ ಮುಖ ನೋಡಬೇಕಿತ್ತು.

ನೀವೂ ಮೊದಲು ಆ ಹಳೆಯ ಗುರುತು ಹುಡುಕಿ. ಒಳಗಡೆ ಎದುರುಬದುರಾಗಿ ಎರಡು ಕಡೆ ತಗ್ಗು ಇರುತ್ತದೆ. ಈಗಿನ ನಾಲಿಗೆ ಅಲ್ಲಿಗೇ ಬಡಿಯುತ್ತಿದೆಯಾ ನೋಡಿ. ಗುಂಡು ಚಪ್ಪಟೆಯಾಗಿದೆಯಾ ನೋಡಿ. ಗಂಟೆ ಕಟ್ಟಿದ ತೊಲೆಯ ಬೋಲ್ಟ್ ಸಡಿಲಾಗಿದೆಯಾ, ಹಗ್ಗ, ತಂತಿ, ಪಾರಿವಾಳದ ಗೂಡು ಯಾವುದಾದರೂ ಮೈಗೆ ತಾಗುತ್ತಿದೆಯಾ ನೋಡಿ. ಒಂದು ಕಡೆ ಸಿಮೆಂಟ್ ಗಾರೆಯ ಗಡ್ಡೆಯೊಂದು ಗಂಟೆಯ ಹೆಗಲಿಗೆ ಅಂಟಿಕೊಂಡು ದನಿ ನುಂಗಿದ್ದನ್ನು ನೋಡಿದ್ದೇನೆ, ಗೋಪುರ ರಿಪೇರಿ ಮಾಡಿದವರ ಕೃಪೆ. ಹತ್ತುವ ಮೊದಲು ಹೆಜ್ಜೇನು ಇದೆಯಾ ಅಂತ ಕೆಳಗಿನಿಂದಲೇ ಖಾತ್ರಿ ಮಾಡಿಕೊಳ್ಳಿ. ಒಬ್ಬರೇ ಹತ್ತಬೇಡಿ, ಗಂಟೆಯ ನೇರ ಕೆಳಗೆ ನಿಲ್ಲಬೇಡಿ.

ಆಮೇಲೆ ನಾಲಿಗೆಯನ್ನು ಒಂದು ಪಕ್ಕಕ್ಕೆ ಕಟ್ಟಿ, ಮರದ ಕೊಡತಿಯಿಂದ ದಪ್ಪ ಅಂಚಿನ ಸುತ್ತ ಒಂದೊಂದು ಗೇಣಿಗೆ ಮೆಲ್ಲಗೆ ತಟ್ಟುತ್ತ ಬನ್ನಿ. ಎಲ್ಲ ಕಡೆ ದನಿ ಒಂದೇ ಥರ ಬಂದು, ಹತ್ತು ಹದಿನೈದು ಸೆಕೆಂಡ್ ನಿಂತರೆ ಗಂಟೆ ಆರೋಗ್ಯವಾಗಿದೆ. ನಿಲ್ಲುವ ನಾದ ಊಂ... ಊಂ... ಅಂತ ಅಲೆಯ ಹಾಗೆ ಏರಿಳಿದರೆ ಹೆದರಬೇಡಿ. ಎರಕ ಎಲ್ಲ ಕಡೆ ಸಮನಾಗಿ ಬಿದ್ದಿರುವುದಿಲ್ಲ, ಅದಕ್ಕೆ ಹಾಗೆ. ಹೆದರಬೇಕಾದ್ದು ಜರ್ ಅನ್ನುವ, ನಡುವೆ ಕತ್ತರಿಸಿದ ಹಾಗಿನ ಸದ್ದಿಗೆ.

ಆ ಸದ್ದು ಬಂದರೆ ಬಿರುಕು ಹುಡುಕಬೇಕು. ಇದಕ್ಕೆ ನಮ್ಮ ಫೌಂಡ್ರಿಯಲ್ಲಿ ಹಳೆಯ ಉಪಾಯ ಒಂದಿದೆ. ಅನುಮಾನ ಬಂದ ಜಾಗದಲ್ಲಿ ಬಣ್ಣ ತೆಗೆದು ಒರೆಸಿ, ಸೀಮೆಎಣ್ಣೆ ಹಚ್ಚಿ. ಕಾಲು ಗಂಟೆ ಬಿಡಿ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ತೆಗೆದು, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಇನ್ನು ಸ್ವಲ್ಪ ಹೊತ್ತು ಕಾಯಿರಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಂದು ಗೆರೆ ಎಳೆಯುತ್ತದೆ. ಕಣ್ಣೆದುರಿಗೇ ಗೆರೆ ಮೂಡುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಇನ್ನೂ ಖಾತ್ರಿ ಬೇಕಿದ್ದರೆ ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ ಕೆಂಪು ಬಣ್ಣ ಚಿಮುಕಿಸಿ ಮಾಡುವ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡುವವರು ಸಿಗುತ್ತಾರೆ. ತತ್ವ ಇದೇ, ಡಬ್ಬಿ ಮಾತ್ರ ಹೊಸದು.

ಗಂಟೆ ಒಡೆಯುವುದು ಯಾಕೆ? ಬಹಳ ಸಲ ನಮ್ಮ ಕೈಯಿಂದಲೇ. ಬಾರಿಸುವವರಿಗೆ ಸುಲಭ ಆಗಲಿ ಅಂತ ನಾಲಿಗೆಗೇ ಹಗ್ಗ ಬಿಗಿದು ಕೆಳಗಿನಿಂದ ಜಗ್ಗುತ್ತೇವೆ. ಹಗ್ಗ ಬಿಗಿಯಾಗಿದ್ದರೆ ನಾಲಿಗೆ ಹಿಂದೆ ಬರುವುದಿಲ್ಲ, ನಡುಗುತ್ತಿರುವ ಕಂಚಿಗೆ ಒತ್ತಿಕೊಂಡು ನಿಲ್ಲುತ್ತದೆ. ಹಬ್ಬದ ದಿನ ಹುಡುಗರು ಹುರುಪಿನಲ್ಲಿ ಜಗ್ಗಿದರೆ ಕೇಳುವುದೇ ಬೇಡ. ಗಂಟೆಯನ್ನೇ ತೂಗಿ ಬಾರಿಸುವುದು ಒಳ್ಳೆಯದು. ಅದಾಗದಿದ್ದರೆ ಹಗ್ಗವನ್ನು ಒಂದು ರಾಟೆಯ ಮೇಲಿಂದ ತಂದು, ನಾಲಿಗೆಯಿಂದ ಒಂದು ಗೇಣು ಸಡಿಲ ಬಿಡಿ. ಬಾರಿಸುವವರು ಜಗ್ಗಿ ತಕ್ಷಣ ಕೈ ಬಿಡುವುದನ್ನು ಕಲಿಯಬೇಕು.

ಇನ್ನೊಂದು ಹೊಸ ಪಿಡುಗು ಕರೆಂಟಿನ ಸುತ್ತಿಗೆ. ಒಂದು ಊರಿನಲ್ಲಿ ಕಾಂಟ್ರಾಕ್ಟರ್ ಒಬ್ಬರು ಹೊರಗಡೆಯಿಂದ ಹೊಡೆಯುವ ಮೋಟರ್ ಸುತ್ತಿಗೆ ಕೂರಿಸಿ ಹೋದರು. ಎಷ್ಟು ತೂಕದ್ದು ಹಾಕಬೇಕು ಅಂತ ಯಾರೂ ಲೆಕ್ಕ ಮಾಡಲಿಲ್ಲ. ನನ್ನನ್ನೂ ಕೇಳಿದ್ದರು. ಮದುವೆ ಸೀಸನ್, ನಾನು ಬರುತ್ತೇನೆ ಅಂದು ಎರಡು ತಿಂಗಳು ತಡ ಮಾಡಿದೆ. ಹೋಗುವ ಹೊತ್ತಿಗೆ ಅಂಚಿನಿಂದ ಒಂದು ಗೇಣು ಬಿರುಕು ಮೇಲೆ ಏರಿತ್ತು. ಆ ತಪ್ಪಿನಲ್ಲಿ ನನ್ನದೂ ಪಾಲಿದೆ ಅಂತ ಇವತ್ತಿಗೂ ಅನಿಸುತ್ತದೆ. ಲಂಡನ್ನಿನ ಬಿಗ್ ಬೆನ್ ಗಂಟೆಗೂ ಆದದ್ದು ಇದೇ. 1859ರಲ್ಲಿ ಬಾರಿಸಲು ಶುರು ಮಾಡಿದ ಕೆಲವೇ ತಿಂಗಳಲ್ಲಿ, ಸುತ್ತಿಗೆ ಅತಿ ಭಾರವಾಗಿ, ಬಿರಿಯಿತು. ಅವರು ಅದನ್ನು ಬಿಸಾಡಲಿಲ್ಲ. ಗಂಟೆಯನ್ನು ಸ್ವಲ್ಪ ತಿರುಗಿಸಿ, ಬಿರುಕು ಇಲ್ಲದ ಕಡೆ ಏಟು ಬೀಳುವ ಹಾಗೆ ಮಾಡಿ, ಹಗುರ ಸುತ್ತಿಗೆ ಹಾಕಿದರು. ಇವತ್ತಿಗೂ ಜಗತ್ತು ಕೇಳುತ್ತಿರುವುದು ಬಿರುಕು ಬಿಟ್ಟ ಗಂಟೆಯ ದನಿಯನ್ನೇ.

ಈ ತಿರುಗಿಸುವ ಉಪಾಯ ಒಡೆಯದ ಗಂಟೆಗೂ ಒಳ್ಳೆಯದು. ಒಂದೇ ಜಾಗಕ್ಕೆ ನೂರಾರು ವರ್ಷ ಏಟು ಬಿದ್ದು ಕಂಚು ಸವೆದಿರುತ್ತದೆ. ತಲೆಯ ಬೋಲ್ಟ್ ಬಿಚ್ಚಿ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಕಟ್ಟಿದರೆ ಹೊಸ ಜಾಗ ಸಿಗುತ್ತದೆ, ಹಳೆಯದಕ್ಕೆ ಬಿಡುವು. ಅದೇ ಹೊತ್ತಿಗೆ ತಲೆಯ ಒಳಗಿನ ಕೊಂಡಿಯನ್ನೂ ನೋಡಿಸಿ. ಹಳೆಯ ಕಂಚಿನ ಗಂಟೆಗಳಲ್ಲಿ ನಾಲಿಗೆ ತೂಗುವ ಕಬ್ಬಿಣದ ಕೊಂಡಿಯನ್ನು ಎರಕದಲ್ಲೇ ಹೂತಿರುತ್ತಾರೆ. ಕಬ್ಬಿಣ ತುಕ್ಕು ಹಿಡಿದಾಗ ಊದಿಕೊಳ್ಳುತ್ತದೆ, ಸುತ್ತಲಿನ ಕಂಚನ್ನು ಒಳಗಿನಿಂದ ಸೀಳುತ್ತದೆ. ಅಂಚು ಚೆನ್ನಾಗಿದ್ದೂ ತಲೆಯಲ್ಲಿ ಒಡೆದ ಗಂಟೆಗಳು ಇದರಿಂದಲೇ ಒಡೆಯುವುದು. ನಿಮ್ಮ ಕಡೆ ಒಣ ಹವೆ, ಖಾನಾಪುರದಷ್ಟು ಭಯ ಇಲ್ಲ. ಆದರೂ ನೋಡಿ.

ಕಂಚಿನ ಗಂಟೆ ನಿಜಕ್ಕೂ ಬಿರಿದಿದ್ದರೆ ದಯವಿಟ್ಟು ಊರ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ತವರ ಜಾಸ್ತಿ ಇರುವ ಕಂಚಿಗೆ ಒಂದೇ ಕಡೆ ಬೆಂಕಿ ಬಿದ್ದರೆ ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ. ಜರ್ಮನಿಯ ನೋರ್ಡ್ಲಿಂಗನ್ ಊರಿನಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಇಡೀ ಗಂಟೆಯನ್ನು ಕುಲುಮೆಯಲ್ಲಿಟ್ಟು ನೂರಾರು ಡಿಗ್ರಿಗೆ ಮೆಲ್ಲಗೆ ಕಾಯಿಸಿ, ಬಿಸಿ ಇರುವಾಗಲೇ ಅದೇ ಕಂಚಿನಿಂದ ಬೆಸೆದು, ಮತ್ತೆ ದಿನಗಟ್ಟಲೆ ಆರಿಸುತ್ತಾರೆ. ನಿಮ್ಮ ಗಂಟೆಯನ್ನು ಹಡಗು ಹತ್ತಿಸಿ ಅಂತ ನಾನು ಹೇಳುತ್ತಿಲ್ಲ, ಆ ಖರ್ಚಿಗೆ ಹೊಸ ಗಂಟೆಯೇ ಬಂದೀತು. ತಿರುಗಿಸಿ, ನಾಲಿಗೆ ಹಗುರ ಮಾಡಿ, ವಾರಕ್ಕೊಮ್ಮೆ ಮೆಲ್ಲಗೆ ಬಾರಿಸಿ ಇಟ್ಟುಕೊಳ್ಳಬಹುದು. ಅದೂ ಆಗದಿದ್ದರೆ ಕೆಳಗೆ ಇಳಿಸಿ ಚರ್ಚಿನ ಒಳಗೆ ಕಟ್ಟೆ ಕಟ್ಟಿ ಇಡಿ, ಮೇಲೆ ಹೊಸದು ಹಾಕಿ. ಹಳೆಯದನ್ನು ಕರಗಿಸಿ ಹೊಸದು ಮಾಡಿಸುವುದು ನನಗೆ ಮನಸ್ಸಿಗೆ ಬರುವುದಿಲ್ಲ. ಲೋಹ ಉಳಿಯುತ್ತದೆ, ಮೇಲಿನ ಅಕ್ಷರ ಹೋಗುತ್ತದೆ.

ಉಕ್ಕಿನದ್ದಾದರೆ ಕೆಲಸ ಬೇರೆ. ಅದಕ್ಕೆ ಬಣ್ಣ ಬೇಕೇ ಬೇಕು. ಆದರೆ ತುಕ್ಕಿನ ಪದರದ ಮೇಲೆ ಪದರ ಬಳಿದರೆ ದನಿ ಕೂತುಹೋಗುತ್ತದೆ. ನಿಮ್ಮ ಗಂಟೆಗೆ ಆಗಿರುವುದು ಇದೂ ಇರಬಹುದು. ಹಳೆಯ ತುಕ್ಕು ಉಜ್ಜಿ ತೆಗೆದು, ತುಕ್ಕು ತಡೆಯುವ ಪ್ರೈಮರ್ ಒಂದು ತೆಳು ಕೈ, ಮೇಲೆ ತೆಳು ಬಣ್ಣ, ಅಷ್ಟೇ. ನಾಲಿಗೆ ಬಡಿಯುವ ಜಾಗಕ್ಕೆ ಬಣ್ಣ ಬೇಡ. ಕಂಚಿನದ್ದಾದರೆ ಪೂರ್ತಿ ಬಣ್ಣ ತೆಗೆಸಿ. ಪೇಂಟ್ ಬಿಡಿಸುವ ದ್ರಾವಣ ಮತ್ತು ನಾರಿನ ಬ್ರಷ್ ಸಾಕು. ಸ್ಯಾಂಡ್ ಪೇಪರ್, ಮರಳು ಊದುವ ಮೆಷಿನ್ ಹತ್ತಿರಕ್ಕೂ ಬರಬಾರದು. ಮನೆಯ ಕೊಡದಂತೆ ಹುಣಸೆಹಣ್ಣು ಹಾಕಿ ಬೆಳಗುವವರು ಇದ್ದಾರೆ, ಅವರನ್ನೂ ತಡೆಯಿರಿ. ಆ ಕಂದು ಹಸಿರು ಪದರವೇ ಕಂಚನ್ನು ಕಾಯುವುದು.

ಬಣ್ಣ ಹೋದ ಮೇಲೆ ವಯಸ್ಸಿನ ಪ್ರಶ್ನೆಗೆ ಅರ್ಧ ಉತ್ತರ ಗಂಟೆಯೇ ಹೇಳುತ್ತದೆ. ಬಟರ್ ಪೇಪರ್ ಸುತ್ತಿ, ಮೆತ್ತನೆಯ ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿ, ಉಬ್ಬಕ್ಷರ ಕಾಗದಕ್ಕೆ ಇಳಿಯುತ್ತದೆ. ಫೋಟೋ ತೆಗೆಯುವುದಾದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಬಿಡಿ, ಎದುರಿನಿಂದ ಬೇಡ. 'ಗೆಗೋಸ್ಸನ್' ಅಂತಿದ್ದರೆ ಜರ್ಮನ್‌ನಲ್ಲಿ 'ಎರಕ ಹೊಯ್ದದ್ದು' ಅಂತ, ಅದರ ಆಚೆ ಈಚೆ ಮಾಡಿದವನ ಹೆಸರು, ಊರು ಇರುತ್ತದೆ. 'ಆನ್ನೋ' ಅಂತಿದ್ದರೆ ಲ್ಯಾಟಿನ್‌ನಲ್ಲಿ 'ಇಸವಿ'.

ಜರ್ಮನ್ ಪಾದ್ರಿಗಳು ಅನ್ನುವ ಹಿರಿಯರ ಮಾತು ನಿಮ್ಮ ಜಿಲ್ಲೆಗೆ ಹೊಂದುತ್ತದೆ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂತು, ಆಮೇಲೆ ಹುಬ್ಬಳ್ಳಿ, ಬೆಟಗೇರಿ. 1851ರಲ್ಲಿ ಗುಳೇದಗುಡ್ಡದ ನೇಕಾರರ ನಡುವೆ ನೆಲೆ ಮಾಡಿತು. 1885ರಲ್ಲಿ ವಿಜಯಪುರಕ್ಕೆ ಹೋಯಿತು. ಮಿಶನ್‌ನ ತವರು ಸ್ವಿಟ್ಜರ್ಲೆಂಡ್, ಬಂದವರಲ್ಲಿ ದಕ್ಷಿಣ ಜರ್ಮನಿಯವರೇ ಜಾಸ್ತಿ. ನಿಮ್ಮ ಗಂಟೆಯ ಇಸವಿ ಪೂರ್ತಿ ಸಿಕ್ಕಮೇಲೆ ಒಂದು ವಿಷಯ ನೋಡಿ. ಗದಗದಿಂದ ಬಾಗಲಕೋಟೆ, ವಿಜಯಪುರ ದಾಟಿ ಹೊಟಗಿಗೆ ಹೋಗುವ ರೈಲು ಬಂದದ್ದು 1880ರ ದಶಕದಲ್ಲಿ. ಗಂಟೆ ಅದಕ್ಕಿಂತ ಮೊದಲು ಬಂದಿದ್ದರೆ ಕುಮಟಾದಂಥ ಬಂದರಿನಲ್ಲಿ ಇಳಿದು, ಹತ್ತಿ ಹೇರಿಕೊಂಡು ಘಟ್ಟ ಇಳಿದ ಗಾಡಿಗಳು ವಾಪಸ್ ಬರುವಾಗ ಅವುಗಳಲ್ಲಿ ಕುಳಿತು ಬಂದಿರಬೇಕು. ಒಂದೂವರೆ ಕ್ವಿಂಟಲ್ ಎತ್ತಿನ ಗಾಡಿಗೆ ದೊಡ್ಡ ಭಾರವೇನಲ್ಲ.

ಕಾಗದ ಪತ್ರ ಹುಡುಕುವುದಾದರೆ ಮೊದಲು ನಿಮ್ಮ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್, ಹಳೆಯ ಲೆಕ್ಕದ ಪುಸ್ತಕ. ಗಂಟೆ ಕಟ್ಟಿದ ಖರ್ಚು, ಹಗ್ಗದ ಖರ್ಚು ಅಲ್ಲೇ ಎಲ್ಲೋ ಒಂದು ಸಾಲಿನಲ್ಲಿ ಸಿಗುತ್ತದೆ. ಆಮೇಲೆ ಧಾರವಾಡದಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಉತ್ತರ ಡಯೋಸಿಸ್, ಅಂದರೆ ಬಿಷಪ್ಪರ ಆಡಳಿತ ಪ್ರಾಂತ್ಯದ, ಕಚೇರಿ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಶನ್‌ನ ಹಳೆಯ ದಾಖಲೆಗಳಿವೆ. ಬಾಸೆಲ್ ನಗರದಲ್ಲಿರುವ ಮಿಶನ್ ಸಂಗ್ರಹದ ಹಳೆಯ ಫೋಟೋಗಳನ್ನು ಮೊಬೈಲ್‌ನಲ್ಲೇ ನೋಡಬಹುದು, ನಮ್ಮ ಕಡೆಯ ಚರ್ಚುಗಳು, ಮಿಶನ್ ಬಂಗಲೆಗಳು ಅದರಲ್ಲಿವೆ.

ಒಂದು ಎಚ್ಚರ ಇರಲಿ. ಚರ್ಚ್ ಕಟ್ಟಿದ ವರ್ಷ ಬೇರೆ, ಗಂಟೆಯ ವರ್ಷ ಬೇರೆ. ಗಂಟೆಗಳು ತಿರುಗಾಡುತ್ತವೆ. ಪಣಜಿಯ ಮೆಟ್ಟಿಲುಗಳ ಚರ್ಚಿನ ದೊಡ್ಡ ಗಂಟೆ ಮೊದಲು ಹಳೆ ಗೋವಾದ ಅಗಸ್ಟೀನಿಯನ್ ಮಠದಲ್ಲಿತ್ತು. ಮಠ ಪಾಳುಬಿದ್ದ ಮೇಲೆ 1841ರಲ್ಲಿ ಅಗ್ವಾದ ಕೋಟೆಯ ದೀಪಸ್ತಂಭಕ್ಕೆ ಹೋಯಿತು, 1871ರಲ್ಲಿ ಪಣಜಿಗೆ ಬಂತು. 1739ರಲ್ಲಿ ಮರಾಠಾ ದಂಡನಾಯಕ ಚಿ​ಮಾಜಿ ಅಪ್ಪಾ ಮುಂಬೈ ಹತ್ತಿರದ ವಸಈ ಕೋಟೆ ಗೆದ್ದಾಗ ಪೋರ್ಚುಗೀಸ್ ಚರ್ಚುಗಳ ಗಂಟೆಗಳು ಮರಾಠಿ ಸೀಮೆಯ ಗುಡಿಗಳಿಗೆ ಹೋದವು. ಭೀಮಾಶಂಕರದಲ್ಲಿ ಒಂದಿದೆ. ವಾಯಿ ಹತ್ತಿರ ಮೇಣವಲಿಯಲ್ಲಿ ಇನ್ನೊಂದಿದೆ, ಅದರ ಮೈಮೇಲೆ ಬಾಲ ಯೇಸುವನ್ನು ಎತ್ತಿಕೊಂಡ ಮರಿಯಮ್ಮನ ಉಬ್ಬುಚಿತ್ರ ಹಾಗೇ ಇದೆ, ಮುಂದೆ ಶಿವನ ಗುಡಿ. ಯಾರೂ ಅದನ್ನು ಉಜ್ಜಿ ತೆಗೆಯಲಿಲ್ಲ. ಹಾಗಾಗಿ ನಿಮ್ಮ ಗಂಟೆಯ ಮೇಲೆ ನೀವು ಅಂದುಕೊಂಡ ಊರಿನ ಹೆಸರು ಇಲ್ಲದಿದ್ದರೆ ಬೇಜಾರಾಗಬೇಡಿ. ಕಥೆ ಇನ್ನೂ ಉದ್ದ ಇದೆ ಅಂತ ತಿಳಿದುಕೊಳ್ಳಿ.

ಸ್ಪೀಕರ್ ವಿಷಯ ಚುಟುಕಾಗಿ ಹೇಳುತ್ತೇನೆ. ಅದಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವಂತಿಲ್ಲ, 2000ದ ಶಬ್ದ ಮಾಲಿನ್ಯ ನಿಯಮ ಹಾಗಂತದೆ. ಮಾರುವ ವಿಷಯವೂ ಅಷ್ಟು ಸಸಾರ ಅಲ್ಲ. ಚರ್ಚಿನ ಆಸ್ತಿ ಸಾಮಾನ್ಯವಾಗಿ ಊರ ಕಮಿಟಿಯ ಕೈಯಲ್ಲಿ ಇರುವುದಿಲ್ಲ, ಡಯೋಸಿಸ್ ಒಪ್ಪಿಗೆ ಬೇಕಾಗುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ, ಚರಿತ್ರೆಯ ಮಹತ್ವ ಇರುವ ವಸ್ತುಗಳಿಗೂ ಅನ್ವಯಿಸುತ್ತದೆ, ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಗುಜರಿಯವನನ್ನು ಲೈಸೆನ್ಸ್ ಕೇಳಿ ನೋಡಿ, ಮತ್ತೆ ನಿಮ್ಮ ಊರ ಕಡೆ ಸುಳಿಯಲಿಕ್ಕಿಲ್ಲ.

ಆಯಸ್ಕಾಂತ, ಅಳತೆ ಟೇಪು, ಟಾರ್ಚು, ಮರದ ಕೊಡತಿ, ಇಷ್ಟು ಹಿಡಿದು ಇಬ್ಬರು ಹತ್ತಿ. ಏನು ಕಂಡಿತು ಅಂತ ಬರೆಯಿರಿ, ಒಳಗಿನ ಏಟಿನ ಗುರುತಿನ ಫೋಟೋ ಮರೆಯದೆ ಕಳಿಸಿ. ನಾಲಿಗೆ ಬಿಚ್ಚುವ ಪ್ರಸಂಗ ಬಂದರೆ ಮೊದಲು ಅದಕ್ಕೊಂದು ಹಗ್ಗ ಕಟ್ಟಿಕೊಂಡು ಬಿಚ್ಚಿ. ನಿಮ್ಮದು ಐದಾರು ಕೆಜಿಗೆ ಕಡಿಮೆ ಇರಲಾರದು, ಕೆಳಗೆ ಯಾರಾದರೂ ಮೇಲೆ ನೋಡುತ್ತ ನಿಂತೇ ಇರುತ್ತಾರೆ.